ಹಸಿರು ನಂಬರ್ ಪ್ಲೇಟಿನ ಹಿಂದಿನ ಅರ್ಜಿಗಳು

ಬೆಂಗಳೂರಿನಲ್ಲಿ ಹಸಿರು ನಂಬರ್ ಪ್ಲೇಟಿನ ಗಾಡಿಗಳು ಈಗ ಯಾರಿಗೂ ವಿಶೇಷ ಅಲ್ಲ. ಸ್ಕೂಟರು, ಆಟೋ, ಕಾರು, ಬಸ್ಸು ಎಲ್ಲದರಲ್ಲೂ ಇದೆ. "ಬ್ಯಾಟರಿ ಅಗ್ಗ ಆಯ್ತು, ಪೆಟ್ರೋಲು ದುಬಾರಿ ಆಯ್ತು, ಅದಕ್ಕೇ ಬಂತು" ಅಂತ ಯಾರನ್ನು ಕೇಳಿದರೂ ಹೇಳುತ್ತಾರೆ. ಸುಳ್ಳಲ್ಲ. ಆದರೆ ಅದು ಅರ್ಧ ಕಥೆ. ಉಳಿದರ್ಧ ಕಥೆ ಇರುವುದು ಸರ್ಕಾರಿ ಕಡತಗಳಲ್ಲಿ, ಬಜೆಟ್ ಭಾಷಣಗಳಲ್ಲಿ, ಕೋರ್ಟಿನ ಆದೇಶಗಳಲ್ಲಿ. ಯಾರೋ ಹೋಗಿ ಕೇಳಿದ್ದಕ್ಕೆ ಯಾರೋ ಒಂದು ಸಾಲು ಬದಲಿಸಿದರು. ಆ ಒಂದು ಸಾಲಿನಿಂದ ಬೀದಿ ಬದಲಾಯಿತು. ಎಷ್ಟೋ ಸಲ ಕೇಳಿದ್ದು ಸಿಕ್ಕಿಯೂ ಏನೂ ಬದಲಾಗಲಿಲ್ಲ!

ಹಳೆಯ ಬಜೆಟ್ ಭಾಷಣಗಳನ್ನು, ಅಧಿಸೂಚನೆಗಳನ್ನು ಓದುವ ವಿಚಿತ್ರ ಚಟ ನನಗಿದೆ. (ನನ್ನ ಹೆಂಡತಿಯ ಪ್ರಕಾರ ಇದಕ್ಕಿಂತ ಸಿನಿಮಾ ನೋಡುವುದು ವಾಸಿ.) ಹಾಗೆ ಓದುತ್ತಾ ಹೋದಾಗ ಒಂದು ಪ್ರಶ್ನೆ ಕಾಡತೊಡಗಿತು. ಶುದ್ಧ ಸಾರಿಗೆಗಾಗಿ ಸರ್ಕಾರದ ಬಾಗಿಲು ತಟ್ಟಿದವರು ಈ 35 ವರ್ಷಗಳಲ್ಲಿ ಏನೇನು ಕೇಳಿದರು? ಯಾವುದನ್ನು ಕೇಳಿದಾಗ ಕೆಲಸ ಆಯಿತು, ಯಾವುದನ್ನು ಕೇಳಿದಾಗ ಆಗಲಿಲ್ಲ? ಇವತ್ತು ಅದನ್ನೇ ನಿಮ್ಮ ಮುಂದೆ ಇಡುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ, ಕಾಫಿ ಹಿಡಿದುಕೊಂಡು ಕೂತುಬಿಡಿ.

ಮೊದಲು ಕ್ಯಾಲಿಫೋರ್ನಿಯಾ

ನಮ್ಮ ಬೊಮ್ಮಸಂದ್ರದ ಕಥೆಯ ಒಂದು ಬೇರು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿದೆ. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

ಲಾಸ್ ಏಂಜಲೀಸ್ ಹೊಗೆಮಂಜಿಗೆ ಕುಖ್ಯಾತವಾಗಿದ್ದ ಊರು. 1990ರ ಜನವರಿಯಲ್ಲಿ ಜನರಲ್ ಮೋಟಾರ್ಸ್ ಕಂಪನಿ ಅಲ್ಲಿನ ವಾಹನ ಪ್ರದರ್ಶನದಲ್ಲಿ 'ಇಂಪ್ಯಾಕ್ಟ್' ಎಂಬ ಎಲೆಕ್ಟ್ರಿಕ್ ಕಾರಿನ ಮಾದರಿ ತೋರಿಸಿತು. ಅದೇ ವರ್ಷ ರಾಜ್ಯದ ವಾಯು ಸಂಪನ್ಮೂಲ ಮಂಡಳಿ ಒಂದು ನಿಯಮ ತಂದಿತು: ದೊಡ್ಡ ಕಂಪನಿಗಳು 1998ರ ಹೊತ್ತಿಗೆ ಅಲ್ಲಿ ಮಾರುವ ಕಾರುಗಳಲ್ಲಿ ನೂರಕ್ಕೆ 2, 2001ಕ್ಕೆ 5, 2003ಕ್ಕೆ 10 ಕಾರುಗಳು ಹೊಗೆಯೇ ಇಲ್ಲದವಾಗಿರಬೇಕು. ಸಬ್ಸಿಡಿ ಅಲ್ಲ, ಬೇಡಿಕೆ ಅಲ್ಲ, ಕಡ್ಡಾಯ. ಆದದ್ದೇನು? ಕಾರು ಕಂಪನಿಗಳು, ತೈಲ ಕಂಪನಿಗಳು ಬೆನ್ನು ಹತ್ತಿದವು. 1996ರಲ್ಲಿ ಮೊದಲ ಹಂತಗಳ ಕಡ್ಡಾಯವನ್ನು ಮಂಡಳಿಯೇ ಕೈಬಿಟ್ಟಿತು. ಕೋರ್ಟು ಕಟ್ಲೆ ನಡೆದು 2003ರಲ್ಲಿ ನಿಯಮ ಇನ್ನಷ್ಟು ಸಡಿಲವಾಯಿತು. ಜನರಲ್ ಮೋಟಾರ್ಸ್ 1996ರಿಂದ ಬರೀ ಬಾಡಿಗೆಗೆ ಕೊಟ್ಟಿದ್ದ ಇವಿ1 ಕಾರುಗಳನ್ನು ವಾಪಸ್ ಪಡೆದು, ಬಹುಪಾಲನ್ನು ಜಜ್ಜಿಹಾಕಿತು. ಓಡಿಸುತ್ತಿದ್ದವರು "ದುಡ್ಡು ಕೊಡ್ತೀವಿ, ನಮಗೇ ಮಾರಿ" ಅಂದರೂ ಕೇಳಲಿಲ್ಲ. 2005ರಲ್ಲಿ ಬರ್ಬ್ಯಾಂಕ್ ಎಂಬಲ್ಲಿ ಉಳಿದ ಕಾರುಗಳ ಮುಂದೆ ಹಗಲೂ ರಾತ್ರಿ ಕಾವಲು ಕೂತವರಿದ್ದರು.

ಇಲ್ಲಿ ನನಗೆ ಕಂಡದ್ದು ಇಷ್ಟು. ನಿಯಮ ಇದ್ದಷ್ಟು ದಿನ ಕಾರು ತಯಾರಾಯಿತು. ನಿಯಮ ಅಲುಗಾಡಿದ ದಿನ ಕಾರು ಗುಜರಿಗೆ ಹೋಯಿತು. ಆ ಹತ್ತು ವರ್ಷದಲ್ಲಿ ಬ್ಯಾಟರಿ ಏನೂ ಹಿಂದಕ್ಕೆ ಹೋಗಿರಲಿಲ್ಲ!

ದಿಲ್ಲಿಯ ಬಸ್ಸುಗಳು

ನಮ್ಮ ದೇಶದಲ್ಲಿ ಶುದ್ಧ ಸಾರಿಗೆಯ ದೊಡ್ಡ ಜಗಳ ನಡೆದದ್ದು ವಿದ್ಯುತ್ತಿಗಾಗಿ ಅಲ್ಲ, ಸಿಎನ್‌ಜಿಗಾಗಿ. ಅದೂ ವಿಧಾನಸಭೆಯಲ್ಲಲ್ಲ, ಸುಪ್ರೀಂ ಕೋರ್ಟಿನಲ್ಲಿ.

ವಕೀಲ ಎಂ.ಸಿ. ಮೆಹ್ತಾ ದಿಲ್ಲಿಯ ಗಾಳಿಯ ಬಗ್ಗೆ ಅರ್ಜಿ ಹಾಕಿದ್ದು 1985ರಲ್ಲಿ. ಹತ್ತು ವರ್ಷ ಕಳೆದರೂ ಹೊಗೆ ಹೆಚ್ಚಿತೇ ಹೊರತು ಇಳಿಯಲಿಲ್ಲ. 1996ರಲ್ಲಿ ಅನಿಲ್ ಅಗರ್ವಾಲ್ ಕಟ್ಟಿದ ವಿಜ್ಞಾನ ಮತ್ತು ಪರಿಸರ ಕೇಂದ್ರ 'ಸ್ಲೋ ಮರ್ಡರ್' ಎಂಬ ವರದಿ ತಂದಿತು. ಹೊಗೆಗೆ ಕಾರಣ ಬರೀ ಚಾಲಕನ ನಿರ್ಲಕ್ಷ್ಯ ಅಲ್ಲ, ಕೆಟ್ಟ ಇಂಧನ, ಕೆಟ್ಟ ಎಂಜಿನ್, ಇವೆರಡನ್ನೂ ಬಿಟ್ಟುಕೊಂಡ ಇಲಾಖೆಗಳು ಅಂತ ಬಿಡಿಸಿ ಬಿಡಿಸಿ ಹೇಳಿತು. 1998ರಲ್ಲಿ ಭೂರೇಲಾಲ್ ಅಧ್ಯಕ್ಷತೆಯಲ್ಲಿ ಪ್ರಾಧಿಕಾರ ರಚನೆಯಾಯಿತು. ಅದೇ ವರ್ಷ ಜುಲೈ 28ರಂದು ಕೋರ್ಟು ಆದೇಶ ಕೊಟ್ಟಿತು: 2001ರ ಮಾರ್ಚ್ 31ರ ಒಳಗೆ ದಿಲ್ಲಿಯ ಎಲ್ಲ ಬಸ್ಸುಗಳೂ ಸಿಎನ್‌ಜಿಗೆ ಬದಲಾಗಬೇಕು.

ಆ ದಿನ ಬಂತು, ಬಸ್ಸು ಬದಲಾಗಿರಲಿಲ್ಲ. ಗ್ಯಾಸ್ ಬಂಕುಗಳ ಮುಂದೆ ಮೈಲುದ್ದ ಸಾಲು, ಬಸ್ಸಿಲ್ಲದೆ ಪರದಾಡಿದ ಜನ. "ಇಂಧನ ಯಾವುದು ಅಂತ ಹೇಳುವುದು ಸರ್ಕಾರದ ಕೆಲಸ ಅಲ್ಲ, ಹೊಗೆಯ ಮಿತಿ ಹೇಳಿದರೆ ಸಾಕು" ಎಂಬ ದನಿಯಲ್ಲಿ ಮಾಶೇಲ್ಕರ್ ಸಮಿತಿ ಮಧ್ಯಂತರ ವರದಿ ಕೊಟ್ಟಿತು. ತಾತ್ವಿಕವಾಗಿ ಅದು ಸರಿಯಾದ ವಾದವೇ. ಆದರೆ ಡೀಸೆಲ್ಲಿನ ಕಲಬೆರಕೆಯನ್ನೇ ಹಿಡಿಯಲಾಗದ ಊರಿನಲ್ಲಿ ಹೊಗೆಯ ಮಿತಿ ಅಳೆಯುವವರು ಯಾರು? 2002ರ ಏಪ್ರಿಲ್ 5ರಂದು ಕೋರ್ಟು ಓಡುವ ಪ್ರತಿ ಡೀಸೆಲ್ ಬಸ್ಸಿಗೂ ದಿನಕ್ಕೆ 500 ರೂಪಾಯಿ, 30 ದಿನದ ನಂತರ 1,000 ರೂಪಾಯಿ ದಂಡ ಹಾಕಿತು. ಅದೇ ವರ್ಷ ಡಿಸೆಂಬರ್ ಹೊತ್ತಿಗೆ ನಗರದ ಡೀಸೆಲ್ ಬಸ್ಸುಗಳು ರಸ್ತೆಯಿಂದ ಇಳಿದವು.

ದಿಲ್ಲಿಯ ಗಾಳಿ ಅದರಿಂದ ಶಾಶ್ವತವಾಗಿ ಶುದ್ಧ ಆಗಲಿಲ್ಲ, ಅದು ನಮಗೆಲ್ಲ ಗೊತ್ತು. ಆದರೆ ಇಡೀ ಒಂದು ನಗರದ ಬಸ್ಸುಗಳು ಬದಲಾದದ್ದಂತೂ ನಿಜ. ಆದೇಶದಲ್ಲಿ ಮೂರು ಸಂಗತಿ ಸ್ಪಷ್ಟವಾಗಿತ್ತು: ಯಾವ ಗಾಡಿ, ಯಾವ ದಿನ, ತಪ್ಪಿದರೆ ಎಷ್ಟು ದಂಡ. ಈ ಮೂರನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಬೊಮ್ಮಸಂದ್ರದ ಪುಟ್ಟ ಕಾರು

ಈಗ ನಮ್ಮೂರಿಗೆ ಬರೋಣ. ಬೆಂಗಳೂರಿನ ಮೈನಿ ಸಮೂಹದ ಚೇತನ್ ಮೈನಿ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಓದುವಾಗ ಸೌರ ಕಾರಿನ ತಂಡದಲ್ಲಿದ್ದವರು. ಕ್ಯಾಲಿಫೋರ್ನಿಯಾದ ಅಮೆರಿಗಾನ್ ಎಂಬ ಕಂಪನಿ ಎಲೆಕ್ಟ್ರಿಕ್ ವಾಹನದ ತಂತ್ರಜ್ಞಾನದಲ್ಲಿ ತೊಡಗಿತ್ತು. ಅಲ್ಲಿನ ಕಡ್ಡಾಯ ನಿಯಮದಿಂದ ಹುಟ್ಟಿದ ಹುರುಪಿನ ಕಾಲ ಅದು. 1994ರಲ್ಲಿ ಮೈನಿ ಮತ್ತು ಅಮೆರಿಗಾನ್ ಸೇರಿ ರೇವಾ ಎಲೆಕ್ಟ್ರಿಕ್ ಕಾರ್ ಕಂಪನಿ ಕಟ್ಟಿದರು. 2001ರಲ್ಲಿ ಬೊಮ್ಮಸಂದ್ರದಿಂದ ರೇವಾ ರಸ್ತೆಗಿಳಿಯಿತು. ಎರಡೇ ಬಾಗಿಲು, ಸೀಸ-ಆಮ್ಲದ ಎಂಟು ಬ್ಯಾಟರಿ, ಒಂದು ಸಲ ಚಾರ್ಜ್ ಮಾಡಿದರೆ ಸುಮಾರು 80 ಕಿಲೋಮೀಟರ್. ಮನೆಯ 15 ಆಂಪ್ಸ್ ಪ್ಲಗ್ಗು ಸಾಕು. ಜಯನಗರ, ಮಲ್ಲೇಶ್ವರದ ಕಡೆ ಓಡಾಡಿದವರಿಗೆ ಆ ಮೊಟ್ಟೆಯಂಥ ಕಾರು ನೆನಪಿರಬೇಕು. ಮಕ್ಕಳು ಬೊಟ್ಟು ಮಾಡಿ ತೋರಿಸುತ್ತಿದ್ದರು, ದೊಡ್ಡವರು "ಇದು ಫ್ಲೈಓವರ್ ಹತ್ತುತ್ತಾ?" ಅಂತ ನಗುತ್ತಿದ್ದರು. ಹತ್ತುತ್ತಿತ್ತು ಸ್ವಾಮಿ!

ಆದರೆ ಈ ಕಾರಿಗೆ ನಿಜವಾದ ಊರು ಆದದ್ದು ಬೆಂಗಳೂರಲ್ಲ, ಲಂಡನ್. 2003ರ ಫೆಬ್ರವರಿ 17ರಿಂದ ಲಂಡನ್ನಿನ ನಡುಭಾಗಕ್ಕೆ ಕಾರು ತಂದರೆ ದಿನಕ್ಕೆ 5 ಪೌಂಡ್ ದಟ್ಟಣೆ ಶುಲ್ಕ ಕಟ್ಟಬೇಕಾಯಿತು. ಎಲೆಕ್ಟ್ರಿಕ್ ಕಾರಿಗೆ ಪೂರ್ತಿ ವಿನಾಯಿತಿ. ಅದರ ಬೆನ್ನಿಗೇ ನಮ್ಮ ರೇವಾ 'ಜಿ-ವಿಜ್' ಎಂಬ ಹೆಸರಿನಲ್ಲಿ ಅಲ್ಲಿ ಮಾರಾಟಕ್ಕೆ ಬಂತು. ವಾರಕ್ಕೆ ಐದು ದಿನ, ದಿನಕ್ಕೆ ಐದು ಪೌಂಡ್ ಉಳಿದರೆ ವರ್ಷಕ್ಕೆ ಸಾವಿರ ಪೌಂಡ್ ದಾಟುತ್ತೆ, ಲೆಕ್ಕ ಹಾಕಿ ನೋಡಿ. ಲಂಡನ್ ಆಡಳಿತ ಯಾರಿಗೂ ಕಾರು ಕೊಳ್ಳಲು ಚೆಕ್ ಬರೆದುಕೊಡಲಿಲ್ಲ. ಒಂದು ಶುಲ್ಕದಿಂದ ಒಂದು ವರ್ಗವನ್ನು ಬಿಟ್ಟಿತು, ಅಷ್ಟೇ.

ಇದರ ಇನ್ನೊಂದು ಮುಖವನ್ನೂ ಹೇಳದಿದ್ದರೆ ಅನ್ಯಾಯ. ಐರೋಪ್ಯ ನಿಯಮದಲ್ಲಿ ರೇವಾ ಪೂರ್ಣ ಕಾರಲ್ಲ, 'ಕ್ವಾಡ್ರಿಸೈಕಲ್', ಅಂದರೆ ಹಗುರ ನಾಲ್ಕುಗಾಲಿ ಗಾಡಿ. ಹಾಗಾಗಿ ಕಾರುಗಳಿಗೆ ಇರುವ ಡಿಕ್ಕಿ ಪರೀಕ್ಷೆಗಳು ಇದಕ್ಕೆ ಅನ್ವಯಿಸುತ್ತಿರಲಿಲ್ಲ. 2007ರಲ್ಲಿ ಟಾಪ್ ಗೇರ್ ಪತ್ರಿಕೆ ತಾನೇ ಪರೀಕ್ಷೆ ಮಾಡಿಸಿದಾಗ ಫಲಿತಾಂಶ ಚೆನ್ನಾಗಿರಲಿಲ್ಲ. ನಿಯಮದ ಸಡಿಲು ಸಂದಿಯಿಂದ ಬಂದದ್ದಕ್ಕೆ ಆ ಸಂದಿಯೇ ಮುಳುವೂ ಆಗುತ್ತದೆ.

ಲಂಡನ್ನಿನ ಆ ಪೂರ್ತಿ ವಿನಾಯಿತಿ 2025ರ ಡಿಸೆಂಬರ್‌ನಲ್ಲಿ ಮುಗಿಯಿತು. ಆದರೆ ಮುಗಿಯುವ ದಿನಾಂಕವನ್ನು ವರ್ಷಗಳ ಮೊದಲೇ ಹೇಳಿದ್ದರು. ರಾತ್ರೋರಾತ್ರಿ ಅಲ್ಲ. ಈ ವ್ಯತ್ಯಾಸ ಎಷ್ಟು ದೊಡ್ಡದು ಅಂತ ಮುಂದೆ ನಮ್ಮ ದೇಶದ ಸಬ್ಸಿಡಿ ಕಥೆ ಓದಿದಾಗ ಗೊತ್ತಾಗುತ್ತೆ.

"ಸೊನ್ನೆ ಬೇಡ, ತೆರಿಗೆ ಹಾಕಿ!"

ನನಗೆ ಈ ಇಡೀ ಇತಿಹಾಸದಲ್ಲಿ ತುಂಬ ಇಷ್ಟವಾದ ಘಟನೆ ಇದು. 2008ರ ಬಜೆಟ್ಟಿನಲ್ಲಿ ಎಲೆಕ್ಟ್ರಿಕ್ ಕಾರುಗಳ ಅಬಕಾರಿ ಸುಂಕವನ್ನು ಪೂರ್ತಿ ತೆಗೆದರು. ಚಪ್ಪಾಳೆ! ಸೊನ್ನೆ ತೆರಿಗೆಗಿಂತ ಇನ್ನೇನು ಬೇಕು?

ಎರಡು ವರ್ಷದ ನಂತರ, 2010ರ ಬಜೆಟ್ ಭಾಷಣದಲ್ಲಿ ಪ್ರಣಬ್ ಮುಖರ್ಜಿ ಅದೇ ಗಾಡಿಗಳ ಮೇಲೆ ಶೇ. 4 ಸುಂಕ ಹಾಕಿದರು. ಯಾಕೆ ಗೊತ್ತೇ? ತಯಾರಕರೇ ಕಷ್ಟ ಹೇಳಿಕೊಂಡಿದ್ದರಂತೆ, ಭಾಷಣದಲ್ಲೇ ಆ ಮಾತಿದೆ. ಮೋಟಾರು, ಬ್ಯಾಟರಿ, ಬಿಡಿಭಾಗ ಕೊಳ್ಳುವಾಗ ತಯಾರಕ ಸುಂಕ ಕಟ್ಟಿರುತ್ತಾನೆ. ಗಾಡಿ ಮಾರುವಾಗ ಸುಂಕ ಇದ್ದರೆ ಮೊದಲು ಕಟ್ಟಿದ್ದನ್ನು ಅದರಲ್ಲಿ ಮುರಿದುಕೊಳ್ಳಬಹುದು. ಮಾರುವಾಗ ಸುಂಕವೇ ಇಲ್ಲ ಅಂದರೆ ಮುರಿದುಕೊಳ್ಳುವುದು ಎಲ್ಲಿ? ಕಟ್ಟಿದ್ದು ಗಾಡಿಯ ಬೆಲೆಯೊಳಗೇ ಸಿಕ್ಕಿಕೊಳ್ಳುತ್ತದೆ.

ಒಂದು ಸಣ್ಣ ಲೆಕ್ಕ, ಬರೀ ಅರ್ಥವಾಗಲಿ ಅಂತ. ಎರಡು ಲಕ್ಷದ ಬಿಡಿಭಾಗಕ್ಕೆ ಶೇ. 10 ಸುಂಕ ಅಂದರೆ 20,000. ಮೂರು ಲಕ್ಷದ ಕಾರಿಗೆ ಸುಂಕ ಸೊನ್ನೆ. ಆ 20,000 ಪೂರ್ತಿ ಒಳಗೇ ಉಳಿಯಿತು. ಈಗ ಬಿಡಿಭಾಗಕ್ಕೂ 4, ಕಾರಿಗೂ 4 ಅಂತ ಮಾಡಿ. ಬಿಡಿಭಾಗಕ್ಕೆ 8,000, ಕಾರಿಗೆ 12,000, ಅದರಲ್ಲಿ 8,000 ಮುರಿದುಕೊಂಡರೆ ಒಟ್ಟು ಭಾರ 12,000 ಮಾತ್ರ. ಸೊನ್ನೆಗಿಂತ ನಾಲ್ಕು ಅಗ್ಗ! ಅದಕ್ಕೇ ಆ ಬಜೆಟ್ಟಿನಲ್ಲಿ ಮುಖ್ಯವಾದ ಕೆಲವು ಬಿಡಿಭಾಗಗಳ ಆಮದು ಸುಂಕ ತೆಗೆದು, ಅವುಗಳ ಮೇಲಿನ ಹೆಚ್ಚುವರಿ ಸುಂಕವನ್ನೂ ಶೇ. 4ಕ್ಕೆ ಇಳಿಸಿದರು.

ಭಾಷಣಕ್ಕೆ 'ಸೊನ್ನೆ' ಚಂದ. ಕಾರ್ಖಾನೆಗೆ 'ನಾಲ್ಕು' ಚಂದ. ಯಾವುದನ್ನು ಕೇಳಬೇಕು ಅಂತ ಗೊತ್ತಿರುವುದು ಕಾರ್ಖಾನೆಯ ಲೆಕ್ಕ ಬರೆಯುವವರಿಗೆ ಮಾತ್ರ. ಘೋಷಣೆ ಕೂಗುವವರಿಗಲ್ಲ.

ಬಂದು ಹೋಗುವ ಸಬ್ಸಿಡಿ

2010ರ ಮೇ ತಿಂಗಳಲ್ಲಿ ರೇವಾದ ಶೇ. 55.2 ಪಾಲನ್ನು ಮಹೀಂದ್ರ ಕೊಂಡಿತು. ಅಷ್ಟರಲ್ಲಿ ಇಪ್ಪತ್ತಕ್ಕೂ ಹೆಚ್ಚು ದೇಶಗಳಲ್ಲಿ ಸೇರಿ ಮಾರಿದ್ದು ನಾಲ್ಕು ಸಾವಿರ ಚಿಲ್ಲರೆ ಕಾರು. ಅದೇ ನವೆಂಬರ್‌ನಲ್ಲಿ ನವ ಮತ್ತು ನವೀಕರಿಸಬಹುದಾದ ಇಂಧನ ಸಚಿವಾಲಯ ಎಲೆಕ್ಟ್ರಿಕ್ ಗಾಡಿಗಳಿಗೆ ಕಾರ್ಖಾನೆ ಬೆಲೆಯ ಶೇ. 20ರವರೆಗೆ ಸಹಾಯಧನ ಕೊಡತೊಡಗಿತು. ಕಾರಿಗೆ ಗರಿಷ್ಠ ಒಂದು ಲಕ್ಷ, ಸ್ಕೂಟರಿಗೆ ನಾಲ್ಕೈದು ಸಾವಿರ. 2009ರಲ್ಲಿ ಎಲೆಕ್ಟ್ರಿಕ್ ವಾಹನ ತಯಾರಕರು ಕಟ್ಟಿಕೊಂಡ ಸಂಘ, ಅಂದರೆ ಎಸ್‌ಎಂಇವಿ, ಬೇಡಿಕೆ ಮುಂದಿಡುತ್ತಲೇ ಇತ್ತು. ಕೊನೆಗೂ ಸಿಕ್ಕಿತು ಅನ್ನುವಷ್ಟರಲ್ಲಿ 2012ರ ಮಾರ್ಚ್ 31ಕ್ಕೆ ಯೋಜನೆ ಮುಗಿಯಿತು. ಮುಂದೇನು ಅಂತ ಯಾರೂ ಹೇಳಲಿಲ್ಲ.

ಮುಂದಿನ ಯೋಜನೆ 'ಫೇಮ್' ಬಂದದ್ದು 2015ರ ಏಪ್ರಿಲ್ 1ಕ್ಕೆ. ಸರಿಯಾಗಿ ಮೂರು ವರ್ಷ. ಆ ಮೂರು ವರ್ಷದಲ್ಲಿ ಸ್ಕೂಟರುಗಳ ಮಾರಾಟ ಕುಸಿದು ಎಷ್ಟೋ ಸಣ್ಣ ಕಂಪನಿಗಳು, ಅಂಗಡಿಗಳು ಬಾಗಿಲು ಹಾಕಿದವು. ಗಿರಾಕಿಯ ಮನಸ್ಸು ನೀವೇ ಯೋಚಿಸಿ. ನಿನ್ನೆ ಐದು ಸಾವಿರ ಕಡಿಮೆಗೆ ಸಿಕ್ಕ ಸ್ಕೂಟರನ್ನು ಇವತ್ತು ಪೂರ್ತಿ ಬೆಲೆಗೆ ಯಾರು ಕೊಳ್ಳುತ್ತಾರೆ? "ಮತ್ತೆ ಬರುತ್ತೇನೋ, ಕಾಯೋಣ" ಅನ್ನುತ್ತಾರೆ. ಮಹೀಂದ್ರದ ಹೊಸ ಕಾರು ಇ2ಓ ಬಿಡುಗಡೆಯಾದದ್ದು ಇದೇ ಬರಗಾಲದ ನಡುವೆ, 2013ರ ಮಾರ್ಚ್‌ನಲ್ಲಿ.

ಇದಕ್ಕೆ ಹೋಲಿಸಿದರೆ ದಿಲ್ಲಿ ರಾಜ್ಯ ಸರ್ಕಾರದ್ದು ಜಾಣತನ. ಅವರು ಡೀಸೆಲ್ ಮೇಲೆ ಲೀಟರಿಗೆ 25 ಪೈಸೆ ಸೆಸ್ ಹಾಕಿ ವಾಯು ಶುದ್ಧಿಗೆಂದೇ ಪ್ರತ್ಯೇಕ ನಿಧಿ ಮಾಡಿದರು. ಬ್ಯಾಟರಿ ಗಾಡಿಗಳ ಸಹಾಯಧನ ಬಂದದ್ದು ಅದರಿಂದ. ಹೊಗೆ ಬಿಡುವವನೇ ಹೊಗೆ ಇಲ್ಲದವನಿಗೆ ಕೊಟ್ಟ ಹಾಗೆ. ಪ್ರತಿ ವರ್ಷ ಹಣಕಾಸು ಇಲಾಖೆಯ ಮುಂದೆ ಕೈಯೊಡ್ಡುವ ತಾಪತ್ರಯ ಕಡಿಮೆ.

ಈ ಬಂದು ಹೋಗುವ ಚಾಳಿ ಮುಂದೆಯೂ ನಿಲ್ಲಲಿಲ್ಲ. 10,000 ಕೋಟಿಯ ಎರಡನೇ ಫೇಮ್ 2019ರಲ್ಲಿ ಶುರುವಾಯಿತು. 2023ರ ಜೂನ್‌ನಲ್ಲಿ ಸ್ಕೂಟರಿನ ಸಹಾಯಧನದ ಮಿತಿ ಬೆಲೆಯ ಶೇ. 40ರಿಂದ ಶೇ. 15ಕ್ಕೆ ಒಂದೇ ಏಟಿಗೆ ಇಳಿಯಿತು. ಇಳಿಸುವುದು ತಪ್ಪಲ್ಲ, ಒಂದಲ್ಲ ಒಂದು ದಿನ ಇಳಿಸಲೇಬೇಕು. ಮೆಟ್ಟಿಲು ಕಟ್ಟಿ ಇಳಿಸಬೇಕು, ಮಾಳಿಗೆಯಿಂದ ತಳ್ಳಬಾರದು.

ಅರವತ್ತು ಲಕ್ಷದ ಕನಸು, ಇ-ರಿಕ್ಷಾದ ನನಸು

2013ರ ಜನವರಿಯಲ್ಲಿ ಮನಮೋಹನ ಸಿಂಗ್ ಸರ್ಕಾರ ರಾಷ್ಟ್ರೀಯ ವಿದ್ಯುತ್ ಸಂಚಾರ ಯೋಜನೆಯನ್ನು ಪ್ರಕಟಿಸಿತು. 2020ರ ಹೊತ್ತಿಗೆ 60ರಿಂದ 70 ಲಕ್ಷ ವಿದ್ಯುತ್ ಮತ್ತು ಹೈಬ್ರಿಡ್ ವಾಹನ ಎಂಬ ಗುರಿ. ಚಂದದ ದಾಖಲೆ. ಆದರೆ ದಿಲ್ಲಿ ಕೋರ್ಟಿನ ಆದೇಶದಲ್ಲಿದ್ದ ಆ ಮೂರರಲ್ಲಿ ಮೂರನೆಯದು ಇರಲಿಲ್ಲ: ತಪ್ಪಿದರೆ ಏನು? ಏನೂ ಇಲ್ಲ. 2015ರಿಂದ 2019ರವರೆಗೆ ನಡೆದ ಮೊದಲ ಫೇಮ್‌ನಲ್ಲಿ ಸಹಾಯಧನ ಪಡೆದ ಗಾಡಿಗಳು ಸುಮಾರು 2.8 ಲಕ್ಷ.

ಅದೇ ಹೊತ್ತಿನಲ್ಲಿ ಯಾವ ದೊಡ್ಡ ಯೋಜನೆಯೂ ಇಲ್ಲದೆ, ಯಾರ ಅನುಮತಿಯೂ ಇಲ್ಲದೆ ದಿಲ್ಲಿಯ ಗಲ್ಲಿಗಳಲ್ಲಿ ಇ-ರಿಕ್ಷಾಗಳು ಹುಟ್ಟಿಕೊಂಡವು. ಸೈಕಲ್ ರಿಕ್ಷಾ ತುಳಿದು ಸುಸ್ತಾದವರು, ಬಿಹಾರ, ಉತ್ತರ ಪ್ರದೇಶದಿಂದ ಬಂದವರು ಸಾಲ ಮಾಡಿ ಕೊಂಡರು. ಇವು ಮೋಟಾರು ವಾಹನವೋ ಅಲ್ಲವೋ ಎಂಬುದೇ ಕಾನೂನಿನಲ್ಲಿ ಗೊಂದಲ. 250 ವಾಟಿನೊಳಗಿದ್ದರೆ ಅಲ್ಲ, ಮೀರಿದರೆ ಹೌದು. ಬಹುತೇಕ ಮೀರಿದ್ದವು. ನೋಂದಣಿ ಇಲ್ಲ, ಲೈಸೆನ್ಸ್ ಇಲ್ಲ, ವಿಮೆ ಇಲ್ಲ. ಒಂದು ಅಪಘಾತದಲ್ಲಿ ಹಸುಗೂಸು ಸತ್ತ ಮೇಲೆ, 2014ರ ಜುಲೈ 31ರಂದು ದಿಲ್ಲಿ ಹೈಕೋರ್ಟ್ ಇವನ್ನು ನಿಲ್ಲಿಸಿತು. ಕೋರ್ಟು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ವಿಮೆ ಇಲ್ಲದ ಗಾಡಿ ಗುದ್ದಿದರೆ ಪರಿಹಾರ ಕೊಡುವವರು ಯಾರು?

ಚಾಲಕರು ಬೀದಿಗಿಳಿದರು. ಅವರು ಕೇಳಿದ್ದು ಹಣವಲ್ಲ, ಹೆಸರು. "ನಮ್ಮ ಗಾಡಿಗೆ ಕಾನೂನಿನಲ್ಲಿ ಒಂದು ಹೆಸರು ಕೊಡಿ." ಅಕ್ಟೋಬರ್‌ನಲ್ಲಿ ನಿಯಮ ಬಂತು: ನಾಲ್ಕು ಜನ, 40 ಕಿಲೋ ಸಾಮಾನು, ಗಂಟೆಗೆ 25 ಕಿಲೋಮೀಟರ್ ವೇಗ. 2015ರಲ್ಲಿ ಮೋಟಾರು ವಾಹನ ಕಾಯ್ದೆಗೇ ತಿದ್ದುಪಡಿಯಾಯಿತು. ಇವತ್ತು ಉತ್ತರ ಭಾರತದ ಎಷ್ಟೋ ಸಣ್ಣ ಊರುಗಳಲ್ಲಿ ಜನ ಓಡಾಡುವುದೇ ಇ-ರಿಕ್ಷಾದಲ್ಲಿ. ಹಿಂದುಳಿದ ಊರುಗಳು, ಬಡ ಚಾಲಕರು, ಹಳೆಯ ಸೀಸದ ಬ್ಯಾಟರಿ. ದೇಶದ ವಿದ್ಯುತ್ ಸಾರಿಗೆಯ ಮೊದಲ ದೊಡ್ಡ ಅಲೆ ಬಂದದ್ದು ಹೀಗೆ, ಸಮ್ಮೇಳನಗಳಿಂದಲ್ಲ.

ಒಂದು ಸ್ಪಷ್ಟೀಕರಣದ ಬೆಲೆ

ಚಾರ್ಜಿಂಗ್ ವಿಷಯಕ್ಕೆ ಬನ್ನಿ. 2003ರ ವಿದ್ಯುತ್ ಕಾಯ್ದೆಯ ಪ್ರಕಾರ ವಿದ್ಯುತ್ ಮಾರಲು ಲೈಸೆನ್ಸ್ ಬೇಕು. ಹಾಗಾದರೆ ಅಂಗಡಿಯವನು ಗಿರಾಕಿಯ ಸ್ಕೂಟರಿಗೆ ಚಾರ್ಜ್ ಹಾಕಿ ಇಪ್ಪತ್ತು ರೂಪಾಯಿ ತೆಗೆದುಕೊಂಡರೆ ವಿದ್ಯುತ್ ಮಾರಿದ ಹಾಗಾಯಿತೇ? ಈ ಅನುಮಾನ ಇದ್ದಷ್ಟು ದಿನ ಯಾರು ದುಡ್ಡು ಹಾಕುತ್ತಾರೆ? ವರ್ಷಗಟ್ಟಲೆ ಕೇಳಿದ ಮೇಲೆ 2018ರ ಏಪ್ರಿಲ್ 13ರಂದು ಕೇಂದ್ರ ವಿದ್ಯುತ್ ಸಚಿವಾಲಯ ಸ್ಪಷ್ಟಪಡಿಸಿತು: ಚಾರ್ಜ್ ಮಾಡುವುದು ಸೇವೆ, ವಿದ್ಯುತ್ ಮಾರಾಟ ಅಲ್ಲ, ಲೈಸೆನ್ಸ್ ಬೇಡ. ಅಷ್ಟೇ. ಒಂದು ರೂಪಾಯಿ ಖರ್ಚಿಲ್ಲ. ಅದೇ ವರ್ಷ ಅಕ್ಟೋಬರ್‌ನಲ್ಲಿ ಬಾಡಿಗೆಗೆ ಓಡುವ ಎಲೆಕ್ಟ್ರಿಕ್ ಗಾಡಿಗಳಿಗೆ ಪರ್ಮಿಟ್ ಬೇಡ ಅಂದರು. ಹಸಿರು ಪ್ಲೇಟೂ ಆ ವರ್ಷದ್ದೇ. 2019ರ ಆಗಸ್ಟ್‌ನಲ್ಲಿ ಜಿಎಸ್‌ಟಿ 12ರಿಂದ 5ಕ್ಕೆ ಇಳಿಯಿತು.

2022ರ ಜನವರಿಯ ಮಾರ್ಗಸೂಚಿಯಲ್ಲಿ ಮನೆಯಲ್ಲಿ, ಕಚೇರಿಯಲ್ಲಿ ಈಗಿರುವ ಸಂಪರ್ಕದಿಂದಲೇ ಚಾರ್ಜ್ ಮಾಡಿಕೊಳ್ಳಬಹುದು ಅಂತಲೂ ಬರೆದರು. ನಮ್ಮ ಅಪಾರ್ಟ್‌ಮೆಂಟಿನ ಸಭೆಯಲ್ಲಿ ಕೆಳಗಿನ ಪಾರ್ಕಿಂಗಿಗೆ ಒಂದು ಪ್ಲಗ್ ಪಾಯಿಂಟ್ ಹಾಕುವ ವಿಷಯಕ್ಕೆ ಮೂರು ತಿಂಗಳು ವಾದ ನಡೆಯಿತು. ಬೆಂಕಿ ಹತ್ತುತ್ತೆ ಅಂದರು, ಕಾಮನ್ ಮೀಟರಿನ ಬಿಲ್ಲು ಯಾರು ಕಟ್ಟಬೇಕು ಅಂದರು, ಬಾಡಿಗೆಯವರಿಗೆ ಯಾಕೆ ಅಂದರು. ಕೊನೆಗೆ ಆ ಮಾರ್ಗಸೂಚಿಯ ಪುಟ ಪ್ರಿಂಟ್ ತೆಗೆದು, ಸಬ್ ಮೀಟರಿನ ಲೆಕ್ಕ ಬರೆದು ಇಟ್ಟ ಮೇಲೆ ಹತ್ತು ನಿಮಿಷದಲ್ಲಿ ಒಪ್ಪಿದರು. ಕಾಗದಕ್ಕೆ ಇರುವ ಬಲ ನಮ್ಮ ಭಾಷಣಕ್ಕೆ ಇಲ್ಲ ಅಂತ ಅವತ್ತು ಮತ್ತೊಮ್ಮೆ ಗೊತ್ತಾಯಿತು.

ನಮ್ಮ ಬಿಎಂಟಿಸಿ

ಕರ್ನಾಟಕ 2017ರಲ್ಲಿ ವಿದ್ಯುತ್ ವಾಹನ ನೀತಿ ತಂದಿತು. ದೇಶದಲ್ಲೇ ಮೊದಲ ರಾಜ್ಯ. 31,000 ಕೋಟಿ ಹೂಡಿಕೆ, 55,000 ಉದ್ಯೋಗ ಎಂಬ ಗುರಿ. ಕಾರ್ಖಾನೆಗಳ ದೃಷ್ಟಿಯಿಂದ ಅದು ಒಳ್ಳೆಯ ಹೆಜ್ಜೆಯೇ. ಆದರೆ ಸ್ಕೂಟರೂ ಇಲ್ಲದ, ಕಾರೂ ಇಲ್ಲದ ಜನರ ಕಥೆ? ಅವರದ್ದು ಬಸ್ಸಿನ ಕಥೆ.

2014ರ ಫೆಬ್ರವರಿಯಲ್ಲಿ ಬಿಎಂಟಿಸಿ ಚೀನಾದ ಬಿವೈಡಿ ಕಂಪನಿಯ ಎಲೆಕ್ಟ್ರಿಕ್ ಬಸ್ಸನ್ನು ಪ್ರಯೋಗಕ್ಕೆ ಓಡಿಸಿತು. ಮೆಜೆಸ್ಟಿಕ್ಕಿನಿಂದ ಕಾಡುಗೋಡಿಗೆ. ಕೆಲವು ತಿಂಗಳು ಓಡಿ ಹೋಯಿತು. 2017ರಲ್ಲಿ ಮನಾಲಿಯಿಂದ ರೋಹ್ತಾಂಗ್ ಬೆಟ್ಟ ಹತ್ತುವ ಹಾದಿಯಲ್ಲಿ ಎಲೆಕ್ಟ್ರಿಕ್ ಬಸ್ ಓಡತೊಡಗಿತು. 2019ರಲ್ಲಿ ಹೈದರಾಬಾದಿಗೂ ಬಂತು. ಬೆಂಗಳೂರಿನಲ್ಲಿ ಮಾತ್ರ "ಕಂಪನಿಯಿಂದ ಕಿಲೋಮೀಟರ್ ಲೆಕ್ಕದ ಗುತ್ತಿಗೆಗೆ ತರೋಣವೋ, ಸ್ವಂತಕ್ಕೆ ಕೊಳ್ಳೋಣವೋ" ಎಂಬ ಜಗ್ಗಾಟ. ಟೆಂಡರು ಮುಗಿದಿದ್ದರೂ ಬಸ್ಸು ಬರಲಿಲ್ಲ, ಮೊದಲ ಫೇಮ್‌ನ ಸಹಾಯಧನ ಕೈತಪ್ಪಿತು. ಬಿಎಂಟಿಸಿಯ ಮೊದಲ ಎಲೆಕ್ಟ್ರಿಕ್ ಬಸ್ಸುಗಳಿಗೆ ಚಾಲನೆ ಸಿಕ್ಕಿದ್ದು 2021ರ ಡಿಸೆಂಬರ್ ಕೊನೆಗೆ. ಪ್ರಯೋಗದಿಂದ ಅಲ್ಲಿಗೆ ಏಳು ವರ್ಷ ಹತ್ತು ತಿಂಗಳು!

ಆ ಜಗ್ಗಾಟವನ್ನು ಬರೀ ಸೋಮಾರಿತನ ಅಂತ ತಳ್ಳಿಹಾಕಲಾರೆ. ಗುತ್ತಿಗೆಯಲ್ಲಿ ಬಸ್ಸು ಕಂಪನಿಯದು, ಚಾಲಕ ಕಂಪನಿಯವನು, ಕಂಡಕ್ಟರ್ ಮಾತ್ರ ನಿಗಮದವರು. ನಿಗಮದ ನೌಕರರಿಗೆ ಸಿಗುವ ಭದ್ರತೆ ಆ ಚಾಲಕನಿಗೆ ಇಲ್ಲ. ಇನ್ನೊಂದು ಕಡೆ, ದುಬಾರಿ ಬಸ್ಸುಗಳನ್ನು ಒಮ್ಮೆಗೇ ಕೊಳ್ಳುವ ಶಕ್ತಿ ನಿಗಮಕ್ಕೂ ಇಲ್ಲ. ಎರಡೂ ನಿಜ. ಆದರೆ ಈ ಪ್ರಶ್ನೆಯನ್ನು ಟೆಂಡರಿಗೆ ಮೊದಲು ಕೂತು ಬಗೆಹರಿಸಬೇಕಿತ್ತು, ಟೆಂಡರು ಮುಗಿದ ಮೇಲಲ್ಲ. 2022ರಲ್ಲಿ ಬೆಂಗಳೂರು ಸೇರಿ ಐದು ನಗರಗಳು ಒಟ್ಟಾಗಿ 5,450 ಬಸ್ಸುಗಳಿಗೆ ಒಂದೇ ಟೆಂಡರು ಕರೆದಾಗ ದಾರಿ ಸಲೀಸಾಯಿತು. ನಮ್ಮ ಪಾಲಿಗೆ 921 ಬಸ್ಸು. ಒಬ್ಬೊಬ್ಬರೇ ಚೌಕಾಸಿ ಮಾಡುವುದಕ್ಕಿಂತ ಐವರು ಸೇರಿ ಸಂತೆಗೆ ಹೋದರೆ ದರ ಇಳಿಯುತ್ತೆ ಅನ್ನುವುದು ನಮ್ಮ ಅಜ್ಜಿಯರಿಗೂ ಗೊತ್ತಿತ್ತು.

ಹಾಗಾದರೆ ನಾವು ಏನು ಕೇಳಬೇಕು?

ಇಷ್ಟನ್ನೂ ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಅನ್ನಿಸುವುದು ಇಷ್ಟು. "ಪರಿಸರ ಉಳಿಸಿ, ಎಲೆಕ್ಟ್ರಿಕ್ ವಾಹನಗಳಿಗೆ ಉತ್ತೇಜನ ಕೊಡಿ" ಎಂಬ ಮನವಿ ಪತ್ರಕ್ಕೆ ಸರ್ಕಾರ ಸುಲಭವಾಗಿ ಹೂಂ ಅನ್ನುತ್ತದೆ. ಯಾಕೆಂದರೆ ಅದರಲ್ಲಿ ಮಾಡಬೇಕಾದ್ದು ಏನೂ ಇಲ್ಲ. ಕೆಲಸ ಆದದ್ದೆಲ್ಲ ಯಾವ ಇಲಾಖೆ, ಯಾವ ನಿಯಮದ ಯಾವ ಸಾಲು, ಯಾವ ದಿನಾಂಕ ಅಂತ ಕೇಳಿದಾಗ. ದಟ್ಟಣೆ ಶುಲ್ಕದ ವಿನಾಯಿತಿ, ನಾಲ್ಕು ಪರ್ಸೆಂಟ್ ಸುಂಕ, ಇ-ರಿಕ್ಷಾದ ಹೆಸರು, ಚಾರ್ಜಿಂಗ್ ಸ್ಪಷ್ಟೀಕರಣ, ಎಲ್ಲವೂ ಸಣ್ಣ ಸಣ್ಣ ಸಾಲುಗಳು.

ಸಹಾಯಧನ ಕೇಳುವುದಾದರೆ ಅದು ಎಷ್ಟು ವರ್ಷ, ಹೇಗೆ ಇಳಿಯುತ್ತೆ ಎಂಬುದನ್ನೂ ಅದೇ ಅರ್ಜಿಯಲ್ಲಿ ಕೇಳಬೇಕು. ಶಾಶ್ವತವಾಗಿ ಕೊಡಿ ಅನ್ನುವುದು ನ್ಯಾಯವಲ್ಲ. ಕರ್ನಾಟಕವೇ 2024ರಲ್ಲಿ 25 ಲಕ್ಷಕ್ಕಿಂತ ಬೆಲೆಬಾಳುವ ಎಲೆಕ್ಟ್ರಿಕ್ ಕಾರುಗಳ ಮೇಲೆ ಶೇ. 10 ಜೀವಿತಾವಧಿ ತೆರಿಗೆ ಹಾಕಿತು. ಆಗ ಗದ್ದಲ ಎದ್ದಿತ್ತು, ನನಗೆ ಮಾತ್ರ ಅದು ಸರಿ ಅನ್ನಿಸಿತು. ಅಷ್ಟು ದೊಡ್ಡ ಕಾರು ಕೊಳ್ಳುವವರ ಪರವಾಗಿ ಬಸ್ಸಿಗೆ ಕಾಯುವವರು ತೆರಿಗೆ ಯಾಕೆ ಬಿಟ್ಟುಕೊಡಬೇಕು?

ನನ್ನ ಬೇಡಿಕೆ ಪಟ್ಟಿ ಚಿಕ್ಕದು. ಒಂದು, ಬಾಡಿಗೆಗಿರುವವರಿಗೆ ತಮ್ಮ ಪಾರ್ಕಿಂಗ್ ಜಾಗದಲ್ಲಿ ಸ್ವಂತ ಖರ್ಚಿನಿಂದ ಸಬ್ ಮೀಟರ್ ಹಾಕಿಸಿಕೊಳ್ಳುವ ಹಕ್ಕು ರಾಜ್ಯದ ನಿಯಮದಲ್ಲೇ ಬರೆದಿರಲಿ. ಎರಡು, ಗುತ್ತಿಗೆ ಬಸ್ಸಿನ ಚಾಲಕರ ಕನಿಷ್ಠ ವೇತನ, ವಿಶ್ರಾಂತಿ, ತರಬೇತಿ ಟೆಂಡರಿನ ಷರತ್ತಾಗಿರಲಿ, ತಪ್ಪಿದರೆ ದಿನದ ದಂಡ ಇರಲಿ. ಮೂರು, ಆಟೋ ಚಾಲಕರು ಚಹಾ ಕುಡಿಯುವ ಜಾಗದಲ್ಲಿ ಚಾರ್ಜಿಂಗ್ ಬರಲಿ, ಮಾಲ್‌ಗಳ ಕೆಳಗೆ ಮಾತ್ರ ಅಲ್ಲ.

ನಿಮ್ಮ ಊರಿನ ಕಥೆ ಏನು? ಮೈಸೂರು, ಹುಬ್ಬಳ್ಳಿ, ಮಂಗಳೂರಿನ ಗೆಳೆಯರು, ಹೊರದೇಶದಲ್ಲಿರುವವರು, ನಿಮ್ಮಲ್ಲಿ ಯಾವ ಒಂದು ನಿಯಮ ಬದಲಾದರೆ ನಾಳೆಯಿಂದಲೇ ಅನುಕೂಲ ಆಗುತ್ತೆ ಅಂತ ಬರೆಯಿರಿ. ಒಂದೇ ಒಂದು ಸಾಲು ಸಾಕು. ಒಳ್ಳೆಯ ಸಾಲುಗಳು ಹತ್ತು ಸೇರಿದರೆ ಸೇರಿಸಿ ಅರ್ಜಿ ಮಾಡೋಣ. ಯಾವ ಇಲಾಖೆಗೆ ಕೊಡಬೇಕು ಅಂತ ಹುಡುಕುವ ಕೆಲಸ ನನ್ನದು. ಆ ಚಟ ನನಗೆ ಹೇಗೂ ಇದೆಯಲ್ಲ :)